ಗಡಿಯಾರಕ್ಕೆ ಬಟ್ಟೆ ಸುತ್ತಿ ಓಡಿದ ಬೆಟ್ಟದ ಮ್ಯಾರಥಾನ್: ಕೊನೆಯ ಸಾಲಿನಿಂದ ಕಂಡ ವ್ಯವಸ್ಥೆ

ಈ ಓಟಕ್ಕೆ ಹೆಸರು ನೋಂದಾಯಿಸುವ ಅರ್ಜಿಯಲ್ಲಿ ‘ನಿರೀಕ್ಷಿತ ಸಮಯ’ ಎಂಬ ಖಾನೆಯೊಂದಿತ್ತು. ನಾನು ಅದನ್ನು ಖಾಲಿ ಬಿಟ್ಟು ಮುಂದಿನ ಗುಂಡಿ ಒತ್ತಿದೆ. ಅರ್ಜಿ ಕದಲಲಿಲ್ಲ, ಖಾನೆಯ ಸುತ್ತ ಕೆಂಪು ಗೆರೆ ಮೂಡಿ, ಇದನ್ನು ತುಂಬುವುದು ಕಡ್ಡಾಯ ಎಂದಿತು. ಮುಗಿಸಲು ಸಂಘಟಕರು ಕೊಟ್ಟ ಗಡುವು 7 ಗಂಟೆಯಾದ್ದರಿಂದ, ‘6 ಗಂಟೆ 59 ನಿಮಿಷ’ ಎಂದು ತುಂಬಿ ಹಣ ಕಟ್ಟಿದೆ. ಸಪಾಟು ರಸ್ತೆಯ ಮ್ಯಾರಥಾನ್‌ಗಳನ್ನು ಈ ಹಿಂದೆ ಐದು ಸಲ ಓಡಿದ್ದೇನೆ. ಐದರಲ್ಲೂ ಪ್ರತಿ ಕಿಲೋಮೀಟರಿಗೆ ಮಣಿಕಟ್ಟು ನೋಡಿಕೊಂಡು, ಎರಡು ನಿಮಿಷ ತಡವಾಯಿತೆಂದು ಸಪ್ಪೆ ಮೋರೆಯಲ್ಲೇ ಪದಕಕ್ಕೆ ಕೊರಳೊಡ್ಡಿದ್ದೇನೆ. ಈ ಸಲ ಹಾಗಾಗಬಾರದೆಂದು ಸುಮಾರು 900 ಮೀಟರ್ ಒಟ್ಟು ಏರಿಕೆಯಿರುವ ಬೆಟ್ಟದ ದಾರಿಯನ್ನು ಆರಿಸಿಕೊಂಡು, ಗಡಿಯಾರದ ಮೇಲೆ ಬೆವರೊರೆಸುವ ಪಟ್ಟಿಯನ್ನು ಎಳೆದುಕೊಂಡು ಓಡಿದೆ. ಈ ಬರಹ ಆ ಓಟದ ವ್ಯವಸ್ಥೆಯ ವಿಮರ್ಶೆ. ಇಲ್ಲಿ ಬರುವ ದೂರುಗಳು ಬೆಟ್ಟದ ಓಟಗಳಲ್ಲಿ ಅಲ್ಲಿ ಇಲ್ಲಿ ಎಲ್ಲರಿಗೂ ಎದುರಾಗುವಂಥವೇ ಆದ್ದರಿಂದ ಓಟದ ಹೆಸರನ್ನು ಹೇಳುತ್ತಿಲ್ಲ.

ಮೊದಲೇ ಒಂದು ಮಾತು. ಸಮಯದ ಗುರಿ ಇಲ್ಲದವರಿಗೆ ಸೌಕರ್ಯ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಅವರು ಹೇಗೂ ಖುಷಿಗೆ ಬಂದವರಲ್ಲವೇ ಎಂಬ ಧೋರಣೆ ಅನೇಕ ಸಂಘಟಕರಲ್ಲಿ ಕಾಣುತ್ತದೆ. ನನ್ನ ಅನುಭವದಲ್ಲಿ ಇದು ತಲೆಕೆಳಗಾದ ಲೆಕ್ಕ. ಮೂರು ಗಂಟೆಯಲ್ಲಿ ಮುಗಿಸುವವರು ನೀರಿನ ಮೇಜಿನ ಮುಂದೆ ಕಳೆಯುವುದು ಎರಡು ಸೆಕೆಂಡ್. ಲೋಟ ಕಸಿದುಕೊಂಡು ಹೋದವರಿಗೆ ಮೇಜಿನ ಹಿಂದೆ ಯಾರು ನಿಂತಿದ್ದರು, ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ನೆನಪಿರುವುದಿಲ್ಲ. ಆರೂವರೆ ಗಂಟೆ ದಾರಿಯಲ್ಲೇ ಇರುವವರು ಸಂಘಟಕರ ಸೇವೆಯನ್ನು ಅದರ ಎರಡರಷ್ಟು ಹೊತ್ತು ಬಳಸುತ್ತಾರೆ, ಅದೂ ಬಿಸಿಲೇರಿದ ಮೇಲೆ, ದಾಸ್ತಾನು ಮುಗಿಯುವ ವೇಳೆಯಲ್ಲಿ, ಸ್ವಯಂಸೇವಕರ ಕಾಲೂ ಸೋತಿರುವಾಗ. ಆದ್ದರಿಂದ ಬೆಟ್ಟದ ಮ್ಯಾರಥಾನ್ ಒಂದನ್ನು ಅಳೆಯಬೇಕಾದದ್ದು ಅದರ ಕೊನೆಯ ನೂರು ಜನರ ಕಡೆಯಿಂದ ಎಂಬುದು ನನ್ನ ಅಭಿಪ್ರಾಯ. ಆ ಅಳತೆಯಲ್ಲಿ ಈ ಓಟ ಕೆಲವು ಕಡೆ ಬಹಳ ಚೆನ್ನಾಗಿ ನಿಂತಿತು, ಎರಡು ಕಡೆ ಎಡವಿತು.

ಬೆಟ್ಟದ ಓಟದಲ್ಲಿ ಸಮಯವನ್ನು ಬದಿಗಿಡುವುದಕ್ಕೆ ಸೋಮಾರಿತನವೇ ಕಾರಣವಾಗಬೇಕಿಲ್ಲ. ಮ್ಯಾರಥಾನ್ ದೂರ 42.195 ಕಿಲೋಮೀಟರ್ ಎಂಬುದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರದಿಂದ ಬಂದು 1921ರಲ್ಲಿ ಅಧಿಕೃತವಾದದ್ದು. ದೂರ ಒಂದೇ ಆದರೂ ದಾರಿಗಳು ಒಂದೇ ಅಲ್ಲವೆಂದು ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವೇ ಬಹುಕಾಲ ಹಿಂಜರಿದು, 2004ರವರೆಗೂ ಮ್ಯಾರಥಾನ್‌ಗೆ ‘ವಿಶ್ವದಾಖಲೆ’ ಎಂಬ ಪದವನ್ನು ಬಳಸದೆ ‘ವಿಶ್ವದ ಅತ್ಯುತ್ತಮ ಸಮಯ’ ಎಂದಷ್ಟೇ ಹೇಳುತ್ತಿತ್ತು. ಈಗಲೂ ದಾಖಲೆಗೆ ಅರ್ಹವಾಗಬೇಕಾದರೆ ಆರಂಭದ ಜಾಗಕ್ಕಿಂತ ಮುಕ್ತಾಯದ ಜಾಗ ಕಿಲೋಮೀಟರಿಗೆ ಸರಾಸರಿ ಒಂದು ಮೀಟರಿಗಿಂತ ಹೆಚ್ಚು ತಗ್ಗಿನಲ್ಲಿರಬಾರದು. ಬಾಸ್ಟನ್ ಮ್ಯಾರಥಾನ್‌ನಂಥ ಹಳೆಯ ಓಟದ ದಾರಿಯೂ ಈ ಕಾರಣದಿಂದ ದಾಖಲೆಗೆ ಲೆಕ್ಕವಿಲ್ಲ. ದೇಹದ ಲೆಕ್ಕವೂ ಇದನ್ನೇ ಹೇಳುತ್ತದೆ. ಟ್ರೆಡ್‌ಮಿಲ್ ಮೇಲೆ ಬೇರೆ ಬೇರೆ ಇಳಿಜಾರುಗಳಲ್ಲಿ ಓಟಗಾರರ ಶಕ್ತಿವ್ಯಯವನ್ನು ಅಳೆದು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಖರ್ಚು ಸಪಾಟಿನ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಅಷ್ಟೇ ಇಳಿಜಾರಿನಲ್ಲಿ ಖರ್ಚು ಇಳಿಯುತ್ತದೆಯಾದರೂ ಏರುವಾಗ ತೆತ್ತದ್ದೆಲ್ಲ ಹಿಂದಿರುಗುವುದಿಲ್ಲ. ಹತ್ತಿದಷ್ಟೇ ಇಳಿದರೂ ಒಟ್ಟಿನಲ್ಲಿ ನಷ್ಟವೇ. ಹೀಗಿರುವಾಗ ಬೆಟ್ಟದ ಮೇಲಿನ ಸಮಯವನ್ನು ಹಿಡಿದು ಸಪಾಟಿನ ಸಮಯಕ್ಕೆ ಹೋಲಿಸಿ ಕೊರಗುವುದು ವ್ಯರ್ಥ ಕೆಲಸ.

ಸಂಘಟಕರು ಕಳುಹಿಸಿದ ದಾರಿಯ ನಕ್ಷೆಯ ಬಗ್ಗೆ ಒಂದು ಆಕ್ಷೇಪವಿದೆ. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಅವರು ಅಕ್ಷರಶಃ ಚಿತ್ರ ಬಿಡಿಸಿ ತೋರಿಸಿದ್ದರು. ಏರಿಳಿತದ ರೇಖೆಯಲ್ಲಿ ಅಡ್ಡಕ್ಕೆ ಕಿಲೋಮೀಟರುಗಳಿದ್ದವು, ಲಂಬಕ್ಕೆ ಯಾವ ಅಂಕಿಯೂ ಇರಲಿಲ್ಲ. ರೇಖೆಯನ್ನು ಅದುಮಿ ಚಪ್ಪಟೆ ಮಾಡಿದ್ದರಿಂದ ಇಡೀ ದಾರಿ ಮಲಗಿದ ಹಸುವಿನ ಬೆನ್ನಿನಂತೆ ಸೌಮ್ಯವಾಗಿ ಕಾಣುತ್ತಿತ್ತು. 9ನೆಯ ಕಿಲೋಮೀಟರಿನಿಂದ 18ರವರೆಗೆ ಎಡೆಬಿಡದ ಏರು ಎಂಬುದು ಆ ಚಿತ್ರದಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಪ್ರತಿ ಐದು ಕಿಲೋಮೀಟರಿಗೆ ಎಷ್ಟು ಮೀಟರ್ ಏರು, ಎಷ್ಟು ಮೀಟರ್ ಇಳಿವು ಎಂಬ ಒಂದು ಸಣ್ಣ ಪಟ್ಟಿ ಕೊಟ್ಟಿದ್ದರೆ ಸಾಕಿತ್ತು. ನಾನು ಬೇರೊಂದು ಭೂಪಟದಿಂದ ಆ ಪಟ್ಟಿಯನ್ನು ಕೈಯಾರೆ ಬರೆದುಕೊಂಡು ಹೋಗಿದ್ದೆ, ಅದು ಆರೂವರೆ ಗಂಟೆಯಲ್ಲಿ ನನಗೆ ಒದಗಿದಷ್ಟು ಗಡಿಯಾರವೂ ಒದಗುತ್ತಿರಲಿಲ್ಲ.

ಬಿಬ್ (ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿ) ವಿತರಣೆ, ಸಾಮಾನು ಇಡುವ ಕೊಠಡಿ, ಶೌಚಾಲಯ ಇವೆಲ್ಲ ಅಚ್ಚುಕಟ್ಟಾಗಿದ್ದವು, ಹೆಚ್ಚು ಹೇಳುವುದಕ್ಕೇನಿಲ್ಲ. ಬಿಬ್ ಮೇಲೆ ಸಂಖ್ಯೆಗಿಂತ ದೊಡ್ಡ ಅಕ್ಷರದಲ್ಲಿ ಹೆಸರು ಮುದ್ರಿಸಿದ್ದು ಮಾತ್ರ ಒಳ್ಳೆಯ ಯೋಚನೆ, ಅದರ ಬೆಲೆ ಏನೆಂದು 37ನೆಯ ಕಿಲೋಮೀಟರಿನಲ್ಲಿ ತಿಳಿಯಿತು. ನಿರೀಕ್ಷಿತ ಸಮಯದ ಪ್ರಕಾರ ಓಟಗಾರರನ್ನು ಐದು ಗುಂಪುಗಳಾಗಿ ವಿಂಗಡಿಸಿದ್ದರಿಂದ ನಾನು ಸಹಜವಾಗಿಯೇ ಕೊನೆಯದರಲ್ಲಿದ್ದೆ. ಅಲ್ಲಿ ಯಾರೂ ಗಡಿಯಾರ ಒತ್ತಲು ಬೆರಳು ಸಿದ್ಧವಿಟ್ಟುಕೊಂಡಿರಲಿಲ್ಲ. ಒಬ್ಬರು ಸ್ವೆಟರ್ ಬಿಚ್ಚಲೋ ಬೇಡವೋ ಎಂದು ಪಕ್ಕದವರನ್ನು ಕೇಳುತ್ತಿದ್ದರು, ಇನ್ನೊಬ್ಬರು ಬಾಳೆಹಣ್ಣು ತಿನ್ನುತ್ತಿದ್ದರು. ನಮ್ಮ ಗುಂಪು ಆರಂಭದ ಗೆರೆ ದಾಟಿದ್ದು ಮೊದಲ ಗುಂಪು ಹೊರಟ 12 ನಿಮಿಷಗಳ ನಂತರ. ಗಡುವಿನ ಲೆಕ್ಕ ಮೊದಲ ಗುಂಪನ್ನು ಹೊರಡಿಸುವ ಗುಂಡಿನಿಂದಲೇ ಶುರುವಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮೊದಲ ಎಂಟು ಕಿಲೋಮೀಟರುಗಳಲ್ಲಿ ಸಣ್ಣಪುಟ್ಟ ದಿಬ್ಬಗಳಷ್ಟೇ ಇದ್ದವು. ಒಂಬತ್ತರ ಫಲಕ ದಾಟಿದೊಡನೆ ರಸ್ತೆ ಬಲಕ್ಕೆ ಹೊರಳಿ, ಮರಗಳ ನಡುವೆ ಎದ್ದು ನಿಂತಿತು. ನಾನು ಅಲ್ಲಿಯೇ ನಡೆಯಲಾರಂಭಿಸಿದೆ. ಸಮಯದ ಗುರಿಯಿಟ್ಟುಕೊಂಡು ಓಡುವ ಅಭ್ಯಾಸವಿದ್ದವರಿಗೆ ಈ ಮೊದಲ ನಡಿಗೆ ಅಷ್ಟು ಸುಲಭವಲ್ಲ. ಹಿಂದಿನಿಂದ ಬಂದವರು ದಾಟಿ ಹೋಗುವಾಗ ತಪ್ಪು ಮಾಡಿ ಸಿಕ್ಕಿಬಿದ್ದಂತೆ ಮುಖ ಬಿಸಿಯಾಗುತ್ತದೆ. ಐದಾರು ನಿಮಿಷದಲ್ಲಿ ಆ ಸಂಕೋಚ ಕಳೆಯಿತು, ಏಕೆಂದರೆ ದಾಟಿ ಹೋದವರೂ ಮುಂದಿನ ತಿರುವಿನಲ್ಲಿ ನಡೆಯುತ್ತಿದ್ದರು. ಕಡಿದಾದ ಏರಿನಲ್ಲಿ ಒಂದು ಹಂತದ ನಂತರ ನಿಧಾನವಾಗಿ ಓಡುವುದಕ್ಕೂ ಬಿರುಸಾಗಿ ನಡೆಯುವುದಕ್ಕೂ ವೇಗದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ, ಉಸಿರಿನಲ್ಲಿ ಮಾತ್ರ ಬಹಳ ಉಳಿಯುತ್ತದೆ. ನಾನು ಇಟ್ಟುಕೊಂಡಿದ್ದ ನಿಯಮ ಒಂದೇ: ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಆಗುವವರೆಗೆ ಓಟ, ವಾಕ್ಯ ತುಂಡಾದರೆ ನಡಿಗೆ. ಹೃದಯ ಬಡಿತದ ಯಂತ್ರಗಳಿಗಿಂತ ಹಳೆಯದಾದ ಈ ಪರೀಕ್ಷೆಗೆ ಒಬ್ಬ ಜೊತೆಗಾರ ಬೇಕಾಗುತ್ತದೆ ಎಂಬುದೊಂದೇ ಅನನುಕೂಲ. ನನಗೆ ಸಿಕ್ಕ ಜೊತೆಗಾರರು ತಮ್ಮ ಮಗಳ ಗಣಿತದ ಮೇಷ್ಟರ ಬಗ್ಗೆ ಮೂರು ಕಿಲೋಮೀಟರ್ ಉದ್ದದ ಕಥೆಯೊಂದನ್ನು ಹೇಳಿದರು. ಏರು ಕಡಿದಾದಲ್ಲೆಲ್ಲ ಕಥೆ ನಿಲ್ಲುತ್ತಿತ್ತು, ತಿರುವಿನ ಸಪಾಟಿನಲ್ಲಿ ಮತ್ತೆ ಶುರುವಾಗುತ್ತಿತ್ತು.

ಹದಿಮೂರನೆಯ ಕಿಲೋಮೀಟರಿನ ಹಿಮ್ಮುರಿ ತಿರುವಿನಲ್ಲಿ ಮೋಟುಗೋಡೆಗೆ ಕೈಯೂರಿ ಕೆಳಗೆ ನೋಡಿದೆ. ನಾವು ಏರಿ ಬಂದಿದ್ದ ರಸ್ತೆ ನಾಲ್ಕು ಮಡಿಕೆಗಳಾಗಿ ಬಿದ್ದಿತ್ತು, ಮಡಿಕೆಗಳ ಮೇಲೆ ಬಣ್ಣಬಣ್ಣದ ಅಂಗಿಗಳು ಇರುವೆಯ ಸಾಲಿನಂತೆ ಸರಿಯುತ್ತಿದ್ದವು, ಮಂಜು ಅತಿ ಕೆಳಗಿನ ಮಡಿಕೆಯನ್ನು ನಡುನಡುವೆ ಮುಚ್ಚಿ ತೆರೆಯುತ್ತಿತ್ತು. ಗೋಡೆಯ ಕಲ್ಲುಗಳ ಸಂದಿನಲ್ಲಿ ಪಾಚಿ ಒದ್ದೆಯಾಗಿತ್ತು. ಅಂಗೈ ಎತ್ತಿದಾಗ ಹಸಿರು ಅಂಟಿಕೊಂಡು ಬಂತು. ಎರಡು ಮೂರು ನಿಮಿಷ ನಿಂತಿರಬೇಕು. ಇದೇ ದಾರಿಯನ್ನು ಎಷ್ಟೋ ಜನ ಇದಕ್ಕಿಂತ ಒಂದು ಗಂಟೆ ಮೊದಲೇ ದಾಟಿ ಹೋಗಿದ್ದರು, ಅವರಲ್ಲಿ ಈ ಗೋಡೆಯನ್ನು ಮುಟ್ಟಿದವರು ಕಡಿಮೆ. ದಾರಿಯ ಆಯ್ಕೆಗೆ ಸಂಘಟಕರಿಗೆ ಪೂರ್ಣ ಅಂಕ ಕೊಡುತ್ತೇನೆ: ವಾಹನ ಸಂಚಾರವನ್ನು ಆರಂಭದಿಂದ ಕೊನೆಯವರೆಗೆ ತಡೆದಿದ್ದರು, ಪ್ರತಿ ಕವಲಿನಲ್ಲೂ ಮಾರ್ಷಲ್ ಇದ್ದರು, ಮತ್ತು ಅತಿ ಚೆಲುವಾದ ತಿರುವುಗಳಲ್ಲಿ ಜಾಹೀರಾತಿನ ಕಮಾನುಗಳನ್ನು ನಿಲ್ಲಿಸಿರಲಿಲ್ಲ. ಈ ಕೊನೆಯ ಸಂಯಮ ಈಚೆಗೆ ಅಪರೂಪವಾಗುತ್ತಿದೆ.

ಹದಿನೇಳರ ಹತ್ತಿರ ಮಾರ್ಷಲ್ ಒಬ್ಬರು ನಮ್ಮನ್ನು ನೋಡಿ, ‘ಬೇಗ ಬೇಗ, ಅರ್ಧದ ಗಡುವಿಗೆ 42 ನಿಮಿಷ ಇದೆ’ ಎಂದು ಕೂಗಿದರು. ನನ್ನ ಜೊತೆಗಾರರ ಕಥೆ ಅಲ್ಲಿಗೆ ನಿಂತಿತು, ಮತ್ತೆ ಶುರುವಾಗಲಿಲ್ಲ. ಒಟ್ಟು ಗಡುವು 7 ಗಂಟೆಯಾದ್ದರಿಂದ ಅರ್ಧದಾರಿಯ ಗಡುವು 3 ಗಂಟೆ 30 ನಿಮಿಷ ಎಂದು ಸಂಘಟಕರು ಎರಡರಿಂದ ಭಾಗಿಸಿಬಿಟ್ಟಿದ್ದರು. ಆ ವೇಳೆಗೆ ಅರ್ಧ ಮುಟ್ಟದವರನ್ನು ಬಿಬ್ ತೆಗೆಸಿ ವಾಹನಕ್ಕೆ ಹತ್ತಿಸುತ್ತಿದ್ದರು. ಸಪಾಟು ದಾರಿಯಲ್ಲಿ ಈ ಭಾಗಾಕಾರ ಸರಿ. ಇಲ್ಲಿ ಒಟ್ಟು ಏರಿನ 900 ಮೀಟರಿನಲ್ಲಿ ಸುಮಾರು 650 ಮೀಟರ್ ಮೊದಲ ಅರ್ಧದಲ್ಲೇ ಇತ್ತು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಬೆಟ್ಟದ ನಡಿಗೆಗೊಂದು ಸರಳ ಸೂತ್ರ ಕೊಟ್ಟರು: ಸಪಾಟು ದೂರಕ್ಕೆ ಬೇಕಾದ ಸಮಯದ ಮೇಲೆ, ಏರುವ ಪ್ರತಿ 2,000 ಅಡಿಗೆ ಒಂದು ಗಂಟೆ ಸೇರಿಸಬೇಕು. ಅಂದರೆ 100 ಮೀಟರಿಗೆ ಸುಮಾರು 10 ನಿಮಿಷ. ಓಟ ನಡಿಗೆ ಬೆರೆಸುವವರಿಗೆ ಅಷ್ಟು ಬೇಡ, ಅದರ ಅರ್ಧ ಎಂದುಕೊಂಡರೂ ಮೊದಲ ಅರ್ಧಕ್ಕೆ 32 ನಿಮಿಷ, ಎರಡನೆಯದಕ್ಕೆ 12 ನಿಮಿಷ ಹೆಚ್ಚುವರಿ ಬೀಳುತ್ತದೆ. ಈ ಲೆಕ್ಕದಲ್ಲಿ ನ್ಯಾಯವಾದ ಅರ್ಧದ ಗಡುವು 3 ಗಂಟೆ 40 ನಿಮಿಷವಾಗಬೇಕಿತ್ತು. ಅದರ ಮೇಲೆ ಕೊನೆಯ ಗುಂಪಿನವರಿಂದ ಆರಂಭದ ಗೆರೆಯಲ್ಲೇ 12 ನಿಮಿಷ ಕಳೆದಿದ್ದರು. ಒಟ್ಟಿನಲ್ಲಿ, ಗಡುವು ಯಾರಿಗಾಗಿ ಇದೆಯೋ ಅವರಿಂದಲೇ ಇಪ್ಪತ್ತೆರಡು ನಿಮಿಷ ಕಿತ್ತುಕೊಂಡಂತಾಯಿತು.

ಗಡುವೇ ಬೇಡವೆನ್ನುವುದು ನನ್ನ ವಾದವಲ್ಲ. ರಸ್ತೆ ಮುಚ್ಚಿದ ಪೊಲೀಸರು, ಆಂಬುಲೆನ್ಸ್, ನೀರು ಕೊಡುವವರು ಇವರನ್ನೆಲ್ಲ ಕೊನೆಯಿಲ್ಲದೆ ಕಾಯಿಸಲಾಗದು. ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಪೀಟರ್‌ಮರಿಟ್ಸ್‌ಬರ್ಗ್ ನಡುವೆ 1921ರಿಂದ ನಡೆಯುತ್ತಿರುವ, ಮ್ಯಾರಥಾನ್‌ನ ಎರಡರಷ್ಟಕ್ಕೂ ಹೆಚ್ಚು ಉದ್ದದ ಗುಡ್ಡಗಾಡಿನ ಓಟ ಕಾಮ್ರೇಡ್ಸ್‌ನಲ್ಲಿ 12 ಗಂಟೆ ಮುಗಿಯುತ್ತಿದ್ದಂತೆ ಅಧಿಕಾರಿಯೊಬ್ಬರು ಬರುವವರಿಗೆ ಬೆನ್ನು ತಿರುಗಿಸಿ ನಿಂತು ಗುಂಡು ಹಾರಿಸುತ್ತಾರೆ. ಗೆರೆಯಿಂದ ಒಂದು ಹೆಜ್ಜೆ ಹಿಂದಿದ್ದವರಿಗೂ ಪದಕವಿಲ್ಲ. ಅದು ಕಠೋರ, ಆದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಕಠೋರತೆ. ನಡುದಾರಿಯ ಗಡುವುಗಳನ್ನು ಮಾತ್ರ ನೆಲ ನೋಡಿ ಇಡಬೇಕು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ಮ್ಯಾರಥಾನ್‌ನಲ್ಲಿ ಏರಿನ ಬಹುಪಾಲು ಎರಡನೆಯ ಅರ್ಧದಲ್ಲಿದೆ. ಅಂಥ ದಾರಿಯಲ್ಲಿ ಎರಡರಿಂದ ಭಾಗಿಸಿದರೆ ಅರ್ಧದಲ್ಲಿ ನಿರಾಳವಾಗಿದ್ದವರೆಲ್ಲ ಕೊನೆಯಲ್ಲಿ ಸಿಕ್ಕಿಬೀಳುತ್ತಾರೆ. ನಾನಂತೂ ಹದಿನೇಳರಿಂದ ಇಪ್ಪತ್ತೊಂದರವರೆಗೆ, ಬೆಟ್ಟದ ನೆತ್ತಿಯ ಅತ್ಯಂತ ಸೊಗಸಾದ ನಾಲ್ಕು ಕಿಲೋಮೀಟರುಗಳಲ್ಲಿ, ಡಾಂಬರು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅರ್ಧದ ಗೆರೆ ದಾಟಿದಾಗ ಉಳಿದಿದ್ದದ್ದು 8 ನಿಮಿಷ. ಕಥೆ ಹೇಳುತ್ತಿದ್ದವರು ಎಲ್ಲಿ ಹಿಂದುಳಿದರೋ ತಿಳಿಯಲಿಲ್ಲ, ಗಣಿತದ ಮೇಷ್ಟರು ಕೊನೆಗೆ ಏನು ಮಾಡಿದರೆಂಬುದೂ ತಿಳಿಯಲಿಲ್ಲ.

ನೀರಿನ ವ್ಯವಸ್ಥೆಗೆ ಬರೋಣ. ಮೊದಲ 30 ಕಿಲೋಮೀಟರುಗಳಲ್ಲಿ ಅದು ಮಾದರಿಯೆನ್ನುವಂತಿತ್ತು: ಎರಡೂವರೆ ಕಿಲೋಮೀಟರಿಗೊಂದು ಮೇಜು, ಅದಕ್ಕೆ ಐವತ್ತು ಹೆಜ್ಜೆ ಮೊದಲೇ ಸೂಚನಾ ಫಲಕ, ಮೇಜಿನ ಒಂದು ತುದಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆ ಬೆರೆತ ಪಾನೀಯ, ಲೋಟಗಳ ಬಣ್ಣ ಬೇರೆ ಬೇರೆ. ಏರಿನ ನೆತ್ತಿಯ ಮೇಜನ್ನು ಏರು ಮುಗಿಯುವ ಜಾಗಕ್ಕಿಂತ ನೂರು ಮೀಟರ್ ಮುಂದೆ ಇಟ್ಟಿದ್ದರು. ಇದು ಸಣ್ಣ ವಿವರ, ಆದರೆ ಸ್ವತಃ ಏರಿ ನೋಡಿದವರಿಗೆ ಮಾತ್ರ ಹೊಳೆಯುವಂಥದ್ದು, ಏದುಸಿರು ತಹಬಂದಿಗೆ ಬರುವ ಮೊದಲು ಗುಟುಕು ನೀರು ಇಳಿಯುವುದಿಲ್ಲ. ಎಲ್ಲ ಕೆಟ್ಟದ್ದು 34ರ ಮೇಜಿನಲ್ಲಿ. ನಾನು ಅಲ್ಲಿಗೆ ತಲುಪಿದಾಗ ಮೇಜು ಇತ್ತು, ಮೇಜಿನ ಮೇಲೆ ಬೋರಲು ಹಾಕಿದ ಎರಡು ಖಾಲಿ ಡಬ್ಬಿಗಳಿದ್ದವು, ಒಬ್ಬ ಹುಡುಗ ನೆಲದಲ್ಲಿ ಬಿದ್ದಿದ್ದ ಲೋಟಗಳನ್ನು ಚೀಲಕ್ಕೆ ತುಂಬುತ್ತಿದ್ದ. ನೀರು ಖಾಲಿ, ಗಾಡಿ ಬರುತ್ತಿದೆ ಎಂದ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಅವನಿಗೂ ಯಾರೂ ಹೇಳಿರಲಿಲ್ಲ. ತನ್ನ ಚೀಲದಿಂದ ಅರ್ಧ ಬಾಟಲಿ ತೆಗೆದು, ನಾವು ಮೂವರು ನಿಂತಿದ್ದವರಿಗೆ ಮುಚ್ಚಳದಲ್ಲಿ ಅಳೆದು ಅಳೆದು ಹಂಚಿದ. ಅದು ಅವನ ದೊಡ್ಡತನ, ಸಂಘಟಕರ ವ್ಯವಸ್ಥೆಯಲ್ಲ.

ಇದನ್ನು ಇಷ್ಟು ದೊಡ್ಡದು ಮಾಡುವುದಕ್ಕೆ ಕಾರಣವಿದೆ. ದೀರ್ಘ ಓಟದಲ್ಲಿ ನೀರು ಕಡಿಮೆಯಾದರೆ ಅಪಾಯ, ಅತಿಯಾದರೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಶೇಕಡಾ 13ರಷ್ಟು ಜನರ ಸೋಡಿಯಂ ಮಟ್ಟ ಸಹಜಕ್ಕಿಂತ ಇಳಿದಿತ್ತು. ದಾರಿಯುದ್ದಕ್ಕೂ ಕುಡಿಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಮತ್ತು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ ಈ ತೊಂದರೆ ಹೆಚ್ಚು. ಮುಂದಿನ ಮೇಜಿನಲ್ಲಿ ನೀರು ಇದ್ದೇ ಇರುತ್ತದೆ ಎಂಬ ಭರವಸೆಯಿದ್ದರೆ ಬಾಯಾರಿಕೆಗೆ ತಕ್ಕಷ್ಟೇ ಕುಡಿದು ಸಾಗಬಹುದು. ಒಂದು ಮೇಜು ಖಾಲಿ ಕಂಡರೆ ಮುಂದಿನದರಲ್ಲಿ ಮನುಷ್ಯ ನಾಲ್ಕು ಲೋಟ ಗಟಗಟನೆ ಇಳಿಸುತ್ತಾನೆ. ನಾನು 36.5ರ ಮೇಜಿನಲ್ಲಿ ಮಾಡಿದ್ದು ಅದನ್ನೇ, ಮುಂದಿನ ಎರಡು ಕಿಲೋಮೀಟರ್ ಹೊಟ್ಟೆಯೊಳಗೆ ಕೊಡ ತುಳುಕಿದಂತಾಗುತ್ತಿತ್ತು. ಜೇಬಿನಲ್ಲಿ ನನ್ನದೇ ಸಣ್ಣ ಬಾಟಲಿಯೊಂದಿದ್ದರೆ ಈ ಪ್ರಸಂಗವೇ ಇರುತ್ತಿರಲಿಲ್ಲ ಎಂಬುದೂ ನಿಜ. ಕೊನೆಯ ಗುಂಪಿನಲ್ಲಿ ಓಡುವವರು ಯಾವ ಸಂಘಟಕರನ್ನೂ ಪೂರ್ತಿ ನಂಬಿ ಬರಿಗೈಯಲ್ಲಿ ಹೋಗಬಾರದು.

ಏರಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ, ಇಳಿಜಾರಿನ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. 23ರಿಂದ 33ರವರೆಗಿನ ಇಳಿಜಾರಿನಲ್ಲಿ ಉಸಿರಿಗೆ ಯಾವ ಕಷ್ಟವೂ ಇಲ್ಲ, ಕೆಲಸವೆಲ್ಲ ತೊಡೆಯ ಮುಂಭಾಗದ ಸ್ನಾಯುಗಳದು. ಇಳಿಯುವಾಗ ಪ್ರತಿ ಹೆಜ್ಜೆಗೂ ಆ ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಬಿಗಿಹಿಡಿದು ಮೈಭಾರವನ್ನು ತಡೆಯಬೇಕು. ಬ್ರೇಕ್ ಒತ್ತಿಕೊಂಡೇ ಗಾಡಿ ಇಳಿಸಿದ ಹಾಗೆ. ಈ ಬಗೆಯ ಕೆಲಸದಲ್ಲಿ ನಾರುಗಳಿಗೆ ಸೂಕ್ಷ್ಮ ಪೆಟ್ಟು ಬೀಳುವುದರಿಂದ ನೋವು ಅಂದೇ ಕಾಣದೆ, ಒಂದರಿಂದ ಮೂರು ದಿನಗಳ ನಡುವೆ ಜೋರಾಗುತ್ತದೆ. ಒಳ್ಳೆಯ ಸುದ್ದಿಯೆಂದರೆ ದೇಹ ಇದನ್ನು ಬೇಗ ಕಲಿಯುತ್ತದೆ, ಕೆಲವು ವಾರ ಮೊದಲು ಒಂದೆರಡು ಸಲ ಇಳಿಜಾರಿನಲ್ಲಿ ಓಡಿ ನೋವು ಅನುಭವಿಸಿದ ಸ್ನಾಯು ಎರಡನೆಯ ಸಲ ಅಷ್ಟು ನೋಯುವುದಿಲ್ಲ. ನಾನು ಮೂರು ವಾರ ಮೊದಲು ಹಾಗೆ ಮಾಡಿದ್ದೆ. ಆದರೂ ಒಂದು ತಪ್ಪಾಗಿತ್ತು. 26ರಲ್ಲಿ ಬಲಗಾಲಿನ ಹೆಬ್ಬೆರಳು ಪ್ರತಿ ಹೆಜ್ಜೆಗೂ ಬೂಟಿನ ಮೂತಿಗೆ ಬಡಿಯತೊಡಗಿತು. ಕಿಲೋಮೀಟರ್ ಕಲ್ಲೊಂದರ ಮೇಲೆ ಕುಳಿತು ಬೂಟು ಬಿಚ್ಚಿದೆ. ಉಗುರಿನ ಬುಡದಲ್ಲಿ ಕೆಂಪು ಗೀರು ಆಗಲೇ ಮೂಡಿತ್ತು. ಲೇಸನ್ನು ಪೂರ್ತಿ ಸಡಿಲಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಸಾಮಾನ್ಯವಾಗಿ ಯಾರೂ ಬಳಸದ ಅತಿ ಮೇಲಿನ ತೂತಿಗೆ ಲೇಸು ಪೋಣಿಸಿ, ಎರಡೂ ಕಡೆ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ ಬಿಗಿದೆ. ಪಾದ ಮುಂದಕ್ಕೆ ಜಾರುವುದು ನಿಂತಿತು. ಸಮಯದ ಹಿಂದೆ ಬಿದ್ದಿದ್ದರೆ ಈ ನಾಲ್ಕು ನಿಮಿಷವನ್ನು ನಾನು ಖಂಡಿತ ಖರ್ಚು ಮಾಡುತ್ತಿರಲಿಲ್ಲ, ಉಗುರನ್ನು ಖರ್ಚು ಮಾಡುತ್ತಿದ್ದೆ. ಇಳಿಜಾರಿನ ಬುಡದಲ್ಲಿ ವೈದ್ಯಕೀಯ ಡೇರೆಯೊಂದಿತ್ತು. ಅದನ್ನು ಮಧ್ಯಕ್ಕೆ ತಂದಿದ್ದರೆ ಎಷ್ಟೋ ಕಾಲುಗಳಿಗೆ ಉಪಕಾರವಾಗುತ್ತಿತ್ತು.

ದಾರಿಯ ಅಳತೆ ತಪ್ಪಾಗಿದೆ ಎಂದು ಅನೇಕರು ಗೊಣಗುತ್ತಿದ್ದರು, ನನ್ನ ಗಡಿಯಾರವೂ ಕೊನೆಗೆ 42.9 ಕಿಲೋಮೀಟರ್ ತೋರಿಸಿತು. ಈ ವಿಷಯದಲ್ಲಿ ನಾನು ಸಂಘಟಕರ ಪಕ್ಷ. ಪ್ರಮಾಣಿತ ಮ್ಯಾರಥಾನ್ ದಾರಿಯನ್ನು ಸೈಕಲ್ ಚಕ್ರಕ್ಕೆ ಎಣಿಕೆ ಯಂತ್ರ ಜೋಡಿಸಿ, ತಿರುವುಗಳಲ್ಲಿ ಒಳ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಸಾಧ್ಯವಿರುವ ಅತಿ ಚಿಕ್ಕ ಹಾದಿಯಲ್ಲಿ ಅಳೆಯುತ್ತಾರೆ. ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಾಗಿಯೇ ಸೇರಿಸುತ್ತಾರೆ. ಹಿಮ್ಮುರಿ ತಿರುವೊಂದನ್ನು ಒಳ ಅಂಚಿನಿಂದ ಐದು ಮೀಟರ್ ಹೊರಗೆ ಸುತ್ತಿದರೆ ಅಲ್ಲಿಯೇ ಸುಮಾರು 15 ಮೀಟರ್ ಹೆಚ್ಚು ಓಡಿದಂತೆ. ಕಣಿವೆ ಕಾಣುವುದು ಹೊರ ಅಂಚಿನಿಂದ. ನಾನು ಹೆಚ್ಚಿಗೆ ಓಡಿದ ಏಳುನೂರು ಮೀಟರಿನಲ್ಲಿ ಗಡಿಯಾರಕ್ಕೆ ದೂರ ತಿಳಿಸುವ ಉಪಗ್ರಹದ ತಪ್ಪು ಎಷ್ಟು, ಕಣಿವೆಯದು ಎಷ್ಟು ಎಂದು ಬಿಡಿಸಿ ಹೇಳಲಾರೆ, ಕಣಿವೆಯ ಪಾಲಿನ ಬಗ್ಗೆ ನನ್ನ ದೂರಿಲ್ಲ.

37ರಲ್ಲಿ ಕೊನೆಯ ದಿಬ್ಬ. ಎತ್ತರವೇನಿಲ್ಲ, ನಲವತ್ತು ಮೀಟರ್ ಇರಬಹುದು. ಆದರೆ ಮೈಯಲ್ಲಿದ್ದ ಸಕ್ಕರೆಯ ದಾಸ್ತಾನು ಮುಗಿದ ಹೊತ್ತಿನ ದಿಬ್ಬವನ್ನು ಮೀಟರಿನಲ್ಲಿ ಅಳೆಯುವ ಹಾಗಿಲ್ಲ. ಬಾಸ್ಟನ್‌ನ ಹೆಸರಾಂತ ಹಾರ್ಟ್‌ಬ್ರೇಕ್ ಹಿಲ್ ಕೂಡ ಸುಮಾರು 27 ಮೀಟರಿನದಷ್ಟೇ, 32 ಕಿಲೋಮೀಟರ್ ದಾಟಿದ ಮೇಲೆ ಬರುವುದರಿಂದ ಅದಕ್ಕೆ ಆ ಖ್ಯಾತಿ. 1936ರಲ್ಲಿ ಜಾನಿ ಕೆಲ್ಲಿ ಅಲ್ಲಿ ಎಲಿಸನ್ ಬ್ರೌನ್ ಅವರನ್ನು ಹಿಂದಿಕ್ಕುತ್ತ ಸಮಾಧಾನಪಡಿಸುವಂತೆ ಬೆನ್ನು ತಟ್ಟಿದರಂತೆ; ಕೆರಳಿದ ಬ್ರೌನ್ ಮತ್ತೆ ಮುನ್ನುಗ್ಗಿ ಓಟ ಗೆದ್ದರು, ಕೆಲ್ಲಿಯ ಎದೆಯೊಡೆದ ಆ ದಿಬ್ಬಕ್ಕೆ ಪತ್ರಿಕೆಯವರು ಆ ಹೆಸರಿಟ್ಟರು. ನಮ್ಮ ದಿಬ್ಬದಲ್ಲಿ ಯಾರೂ ಯಾರ ಬೆನ್ನನ್ನೂ ಆ ರೀತಿ ತಟ್ಟಲಿಲ್ಲ. ರಸ್ತೆಯ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದ ವೃದ್ಧೆಯೊಬ್ಬರು ಕನ್ನಡಕ ಸರಿಪಡಿಸಿಕೊಂಡು ಬಿಬ್ ಓದಿ, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಕೂಗುತ್ತಿರಲಿಲ್ಲ, ಹಾಜರಿ ಕರೆಯುವ ಹಾಗೆ ನಿಧಾನವಾಗಿ ಹೇಳುತ್ತಿದ್ದರು. ಹೆಸರು ಕೇಳಿದವರು ಒಂದಿಷ್ಟು ದೂರ ಓಡುತ್ತಿದ್ದರು, ನಾನೂ ಓಡಿದೆ. ಕ್ಯಾಲಿಫೋರ್ನಿಯಾದ ಬಿಗ್ ಸರ್ ಮ್ಯಾರಥಾನ್‌ನಲ್ಲಿ ದೊಡ್ಡ ಏರನ್ನು ದಾಟಿ ಬಂದವರಿಗಾಗಿ ಬಿಕ್ಸ್‌ಬಿ ಸೇತುವೆಯ ಬಳಿ ಒಬ್ಬರು ಕುಳಿತು ಪಿಯಾನೊ ನುಡಿಸುತ್ತಾರೆ. ನಮ್ಮ ಸಂಘಟಕರು ದಿಬ್ಬದ ನೆತ್ತಿಯಲ್ಲಿ ಧ್ವನಿವರ್ಧಕ ಇಟ್ಟಿದ್ದರು. ಅದರ ಅಬ್ಬರಕ್ಕಿಂತ ಕೆಳಗಿನ ಕುರ್ಚಿಯ ಹಾಜರಿ ಎಷ್ಟೋ ಪಾಲು ಮೇಲು.

ಮುಕ್ತಾಯದ ಗೆರೆಯನ್ನು 6 ಗಂಟೆ 34 ನಿಮಿಷಕ್ಕೆ ದಾಟಿದೆನೆಂದು ಅರ್ಧ ಗಂಟೆಯ ನಂತರ ಬಂದ ಸಂದೇಶದಿಂದ ತಿಳಿಯಿತು. ಗೆರೆಯ ಕಮಾನನ್ನು ಇನ್ನೂ ಬಿಚ್ಚಿರಲಿಲ್ಲ, ಪದಕ ಹಾಕುವವರು ಇನ್ನೂ ನಿಂತಿದ್ದರು, ಊಟದ ಪೊಟ್ಟಣ ಬಿಸಿಯಾಗಿಯೇ ಇತ್ತು. ಕೊನೆಯವರು ಬರುವ ಮೊದಲೇ ಕಮಾನಿನ ಗಾಳಿ ಬಿಟ್ಟು ಸುತ್ತಿಡುವ ಓಟಗಳನ್ನು ನೋಡಿದ್ದೇನೆ. ಇಲ್ಲಿ ಹಾಗಾಗದಿದ್ದುದು ನನಗೆ ಸಮಾಧಾನ ಕೊಟ್ಟಿತು. ಮೇಲಿನ ಎರಡು ದೂರುಗಳನ್ನು, ಅಂದರೆ ನಡುದಾರಿಯ ಗಡುವು ಮತ್ತು 34ರ ನೀರನ್ನು, ಅಭಿಪ್ರಾಯದ ನಮೂನೆಯಲ್ಲಿ ನೈಸ್ಮಿತ್ ಸೂತ್ರದ ಸಮೇತ ಬರೆದುಕೊಟ್ಟಿದ್ದೇನೆ. ಮೊದಲ ಮ್ಯಾರಥಾನ್ ಓಡುವವರಿಗೆ ಈ ದಾರಿಯನ್ನು ಶಿಫಾರಸು ಮಾಡಲಾರೆ, ಇಳಿಜಾರು ಕಲಿಯದ ಕಾಲುಗಳಿಗೆ ಇದು ಒಳ್ಳೆಯ ಪಾಠಶಾಲೆಯಲ್ಲ. ಸಪಾಟು ರಸ್ತೆಯಲ್ಲಿ ಒಂದೆರಡು ಸಲ ಮುಗಿಸಿ, ಅಂಕಿಗಳಿಂದ ಬೇಸತ್ತವರು ಧಾರಾಳವಾಗಿ ಹೋಗಬಹುದು; ಒಂದು ಬಾಟಲಿ ಮತ್ತು ಏರಿಳಿತದ ಸ್ವಂತ ಪಟ್ಟಿ ಜೊತೆಗಿರಲಿ, ಮತ್ತು ಅರ್ಜಿಯಲ್ಲಿ ನಿರೀಕ್ಷಿತ ಸಮಯವನ್ನು ಒಂದು ಗಂಟೆ ಕಡಿಮೆಯೇ ಬರೆದು ಮುಂದಿನ ಗುಂಪಿನಲ್ಲಿ ಹೊರಡಿ, ಆ ಹನ್ನೆರಡು ನಿಮಿಷದಲ್ಲಿ ಒಂದಿಷ್ಟಾದರೂ ಉಳಿಯುತ್ತದೆ. ಆದರೆ ಗುಂಪಿನ ತೀರ ಹಿಂಬದಿಯಲ್ಲಿ, ರಸ್ತೆಯ ಅಂಚಿಗೆ ನಿಲ್ಲಿ, ವೇಗದವರಿಗೆ ಅಡ್ಡಿಯಾಗಬಾರದು.

ಸಾಮಾನಿನ ಕೊಠಡಿಗೆ ಮೆಟ್ಟಿಲುಗಳಿದ್ದವು, ಐದೇ ಮೆಟ್ಟಿಲು. ಪಕ್ಕದ ಕಂಬಿ ಹಿಡಿದು, ಅಡ್ಡಡ್ಡಲಾಗಿ ಒಂದೊಂದೇ ಇಳಿದು ಕಿಟಕಿಯ ಮುಂದೆ ನಿಂತು ಬಿಬ್ ತೋರಿಸಲು ಅಂಗಿ ಎಳೆಯುವಷ್ಟರಲ್ಲಿ, ಒಳಗಿದ್ದವರು ಸಂಖ್ಯೆ ನೋಡದೆಯೇ ನನ್ನ ನೀಲಿ ಚೀಲವನ್ನು ಎತ್ತಿ ಕೊಟ್ಟರು. ಹೇಗೆ ಗೊತ್ತಾಯಿತೆಂದು ಕೇಳಿದೆ. ಉಳಿದಿರುವುದು ಮೂರೇ ಚೀಲ, ಅದರಲ್ಲಿ ಎರಡರ ಮೇಲೆ ಮಕ್ಕಳ ಗೊಂಬೆಯ ಚಿತ್ರವಿದೆ ಎಂದರು.